ಟೆಲಿಗ್ರಾಂ ಕೋಡ್ ಎಸ್ಸೆಮ್ಮೆಸ್‌ನಲ್ಲಿ ಹುಡುಕಬೇಡಿ

ಕಂಪ್ಯೂಟರಿಗೆ ಟೆಲಿಗ್ರಾಂ ಹಾಕಿ ನಂಬರ್ ಕೊಟ್ಟರೂ ಲಾಗಿನ್ ಕೋಡಿನ ಎಸ್ಸೆಮ್ಮೆಸ್ ಬರಲಿಲ್ಲ ಅಂದಿರಿ ಅಲ್ವಾ? ಅದು ಕಾಸರಗೋಡು ಕಡೆಯ ನಿಮ್ಮ ಬದಿಯಡ್ಕದ ಮೊಬೈಲ್ ರೇಂಜಿನ ಸಮಸ್ಯೆ ಅಲ್ಲ ಅನಿಸುತ್ತದೆ. ಅದೇ ನಂಬರಿನ ಟೆಲಿಗ್ರಾಂ ಫೋನಿನಲ್ಲೂ ಇದ್ದರೆ ಕೋಡ್ ಮೊದಲು ಆ ಆ್ಯಪ್‌ಗೇ ಹೋಗುತ್ತದೆ. ಅಲ್ಲಿ ಚಾಟ್‌ಗಳ ನಡುವೆ ಟೆಲಿಗ್ರಾಂ ಅನ್ನುವ ಹೆಸರಿನದೇ ಒಂದು ಚಾಟ್ ಇರುತ್ತದೆ, ಕೋಡ್ ಅದರಲ್ಲಿ ನೋಡಿ. ಯಾರು ಕೇಳಿದರೂ ಅದನ್ನು ಕೊಡಬೇಡಿ.

ಕೋಡಿನ ಗೋಜೇ ಬೇಡವೆಂದರೆ ಕಂಪ್ಯೂಟರಿನ ಟೆಲಿಗ್ರಾಂನಲ್ಲಿ ಲಾಗಿನ್‌ಗೆ ಬರುವ ಕ್ಯೂಆರ್ ಚಿತ್ರ ತೆರೆದಿಡಿ. ಫೋನಿನ ಟೆಲಿಗ್ರಾಂನಲ್ಲಿ ಸೆಟ್ಟಿಂಗ್ಸ್, ಆಮೇಲೆ ಡಿವೈಸಸ್, ಅಲ್ಲಿ ಲಿಂಕ್ ಡೆಸ್ಕ್‌ಟಾಪ್ ಡಿವೈಸ್ ಒತ್ತಿ ಸ್ಕ್ಯಾನ್ ಮಾಡಿ. (ಆ್ಯಪ್ ಮಲಯಾಳಂನಲ್ಲಿದ್ದರೆ ಈ ಹೆಸರುಗಳು ಬೇರೆ ಕಾಣಬಹುದು.) ಎರಡು ಹಂತದ ಪಾಸ್‌ವರ್ಡ್ ಮುಂಚೆ ಇಟ್ಟಿದ್ದರೆ ಅದನ್ನೂ ಕೇಳುತ್ತದೆ.

ಅಕ್ಷಯ ಕೇಂದ್ರದ (ಕೇರಳದ ಆನ್‌ಲೈನ್ ಸೇವಾ ಕೇಂದ್ರ) ಕಂಪ್ಯೂಟರಾದರೆ ಕೆಲಸ ಮುಗಿದ ಮೇಲೆ ಅದೇ ಡಿವೈಸಸ್ ಪಟ್ಟಿಯಿಂದ ಅದನ್ನು ತೆಗೆದುಹಾಕಿ.