ದುಬಾರಿ ಟೀ ಶರ್ಟಿನಲ್ಲೂ ನೂಲಿನ ಉಂಡೆ ಏಕೆ?

ಎರಡು ಪಟ್ಟು ಬೆಲೆ ತೆತ್ತ ಟೀ ಶರ್ಟಿನ ಮೇಲೂ ಕೆಲವೇ ಒಗೆತಗಳಲ್ಲಿ ಎಳೆಗಳು ಸಿಕ್ಕುಗಟ್ಟಿ ಪುಟ್ಟ ಉಂಡೆಗಳೆದ್ದಿರುವುದಕ್ಕೆ ಬಹುಶಃ ಗಿಡ್ಡ ಎಳೆಗಳಿಂದ ಸಡಿಲವಾಗಿ ನೂತ ನೂಲೇ ಕಾರಣ. ಹತ್ತಿಗೆ ಪಾಲಿಯೆಸ್ಟರ್ ಬೆರೆತಿದ್ದರೆ, ಆ ಎಳೆ ಗಟ್ಟಿಯಾದ್ದರಿಂದ ಉಂಡೆಗಳು ಉದುರದೆ ಅಂಟಿಕೊಂಡೇ ಇರುತ್ತವೆ. ಒಗೆದ ಮೇಲೆ ಪಕ್ಕದ ಹೊಲಿಗೆ ಮುಂದಕ್ಕೆ ತಿರುಚಿಕೊಂಡಿದ್ದರೆ ಅದು ಬೇರೆಯೇ ದೋಷ: ನೂಲಿನ ಹುರಿ, ಅಂದರೆ ನೂಲುವಾಗ ಬಿದ್ದ ತಿರುಚು, ಹದಕ್ಕೆ ಬರುವ ಮೊದಲೇ ಬಟ್ಟೆಯನ್ನು ಕತ್ತರಿಸಿರಬಹುದು. ಹೆಚ್ಚುವರಿ ಬೆಲೆಯಲ್ಲಿ ಜಾಹೀರಾತು, ಮಳಿಗೆಯ ಬಾಡಿಗೆಗಳೂ ಸೇರಿರುವುದರಿಂದ ಬೆಲೆಚೀಟಿಯನ್ನು ಗುಣಮಟ್ಟದ ಗುರುತೆಂದು ನಂಬಬೇಡಿ.

ಮುಂದಿನ ಬಾರಿ ಮೊದಲು ಉಡುಪನ್ನು ಒಳಹೊರಗು ಮಾಡಿ, ಹೊಲಿಗೆ ಒತ್ತಾಗಿದೆಯೇ, ಎರಡೂ ಬದಿ ಎಳೆದಾಗ ಬಾಯಿ ಬಿಡುತ್ತದೆಯೇ ಎಂದು ನೋಡಿ. ಆಮೇಲೆ ಬೆಳಕಿಗೆ ಹಿಡಿದು ಹೆಣಿಗೆ ಎಲ್ಲೆಡೆ ಒಂದೇ ಸಮನಾಗಿದೆಯೇ ಎಂದು ಪರೀಕ್ಷಿಸಿ. ಕೊನೆಗೆ ಬಟ್ಟೆಯನ್ನು ಹಿಗ್ಗಿಸಿ ಬಿಡಿ. ಹಿಂದಿನ ಆಕಾರಕ್ಕೆ ಮರಳದಿದ್ದರೆ ಎಷ್ಟೇ ಅಗ್ಗವಾಗಿದ್ದರೂ ಬೇಡ. ಎಳೆಯ ಉದ್ದ ಮಾತ್ರ ಕಣ್ಣಿಗೆ ತಿಳಿಯದು, ಸಾಮಾನ್ಯವಾಗಿ ಉಡುಪಿನ ಲೇಬಲ್ಲಿನಲ್ಲೂ ಬರೆದಿರುವುದಿಲ್ಲ. ಆದ್ದರಿಂದ ಈ ಪರೀಕ್ಷೆಗಳಲ್ಲಿ ಗೆದ್ದ ಬಟ್ಟೆಯೂ ಉಂಡೆ ಕಟ್ಟಬಹುದು. ಕೋಟು, ಬೂಟುಗಳಿಗೆ ಹೆಚ್ಚು ಕೊಡುವುದು ಹಲವು ಬಾರಿ ಸಾರ್ಥಕ. ಸಾದಾ ಟೀ ಶರ್ಟಿಗೆ ಅಷ್ಟು ಕೊಡಬೇಕಾಗಿಲ್ಲವೆಂಬುದು ನನ್ನ ಅಭಿಪ್ರಾಯ. ಈಗಿರುವುದನ್ನು ಒಳಹೊರಗು ಮಾಡಿ ತಣ್ಣೀರಿನಲ್ಲಿ ಒಗೆದು, ನೆರಳಿನಲ್ಲಿ ಒಣಗಿಸಿ.