ಸಂಬಳ ಆಮೇಲೆ ನೋಡಿ, ಮೊದಲು ಗಂಟೆ ಓದಿ

ಶಿಡ್ಲಘಟ್ಟದಿಂದ ಬರೆದಿರೋ ತಂಗಿ, ನಿಮ್ಮದು ಬಿಎಸ್ಸಿ ನರ್ಸಿಂಗ್, ಎರಡು ವರ್ಷ ಐಸಿಯು ಅನುಭವ. "ಇಂಗ್ಲೆಂಡಿಗೆ ಮೊದಲು ಕೇರರ್ (ವಯಸ್ಸಾದವರನ್ನ, ಕಾಯಿಲೆಯವರನ್ನ ನೋಡಿಕೊಳ್ಳೋ ಕೆಲಸ) ಆಗಿ ಹೋಗಿ, ಅಲ್ಲಿ ನರ್ಸ್ ಆಗಬಹುದು" ಅಂತ ಏಜೆಂಟ್ ಎಂಟು ಲಕ್ಷ ಕೇಳ್ತಿದ್ದಾನೆ, ಹೋಗಲಾ ಅಂತ ಕೇಳಿದ್ದೀರ.

ಆ ದಾರಿ ಮುಚ್ಚಿದೆ. ಹೊರದೇಶದಿಂದ ಹೊಸದಾಗಿ ಕೇರ್ ವರ್ಕರ್‌ಗಳನ್ನ ಕರೆಸಿಕೊಳ್ಳೋದು 2025ರ ಜುಲೈ 22ಕ್ಕೇ ನಿಂತಿದೆ. ಅಡ್ವಾನ್ಸ್ ಅಂತ ಒಂದು ರೂಪಾಯಿನೂ ಕೊಡಬೇಡಿ. ನರ್ಸ್ ಆಗಿ ಬರೋರ ಹತ್ರಾನೂ ಕೆಲಸ ಕೊಡಿಸಿದ್ದಕ್ಕೆ ಏಜೆನ್ಸಿ ದುಡ್ಡು ತಗೊಳ್ಳಬಾರದು ಅಂತಲೇ ಇಲ್ಲಿನ, ಅಂದ್ರೆ ಇಂಗ್ಲೆಂಡಿನ, ನೇಮಕಾತಿ ಸಂಹಿತೆ ಹೇಳುತ್ತೆ. ಅದು ಆಸ್ಪತ್ರೆ ಕೊಡಬೇಕಾದ ದುಡ್ಡು.

ನರ್ಸ್ ಆಗಿಯೇ ಬನ್ನಿ. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಅಕಾಡೆಮಿಕ್‌ನಲ್ಲಿ ರೈಟಿಂಗ್ 6.5, ಉಳಿದ ಮೂರರಲ್ಲೂ 7 ಬೇಕು. ಸಿಬಿಟಿ, ಅಂದ್ರೆ ಕಂಪ್ಯೂಟರಿನಲ್ಲಿ ಬರೆಯೋ ನರ್ಸಿಂಗ್ ಪರೀಕ್ಷೆ, ಇಂಡಿಯಾದಲ್ಲೇ ಬರೀಬಹುದು. ಕೆಲಸ ಮಾಡಿ ತೋರಿಸೋ, ಹತ್ತು ಸ್ಟೇಷನ್ನಿನ ಆಸ್ಕಿ (OSCE) ಪರೀಕ್ಷೆ ಇಲ್ಲಿಗೆ ಬಂದ ಮೇಲೆ. ಇಂಜೆಕ್ಷನ್ ಕೊಡೋಕೆ ಬರದೆ ಫೇಲಾಗೋರು ಕಡಿಮೆ. ಕೈ ತೊಳೆಯೋದು, ರೋಗಿಯ ಹೆಸರಿರೋ ರಿಸ್ಟ್ ಬ್ಯಾಂಡ್ ನೋಡೋದು, ಅಲರ್ಜಿ ಕೇಳೋದು ಮರೆತು ಹೋಗುತ್ತೆ.

ಇನ್ನು ಕೆಲಸ. ಎನ್‌ಎಚ್‌ಎಸ್‌ನಲ್ಲಿ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ವಾರಕ್ಕೆ 37.5 ಗಂಟೆ. ಕೇಳೋಕೆ ಹಗುರ. ಆದ್ರೆ ಲಾಂಗ್ ಡೇ ಅಂದ್ರೆ ಸಾಮಾನ್ಯವಾಗಿ ಹನ್ನೆರಡೂವರೆ ಗಂಟೆ ವಾರ್ಡಿನಲ್ಲಿರಬೇಕು. ಒಂದು ಗಂಟೆ ಬ್ರೇಕಿಗೆ ದುಡ್ಡಿಲ್ಲ ಅಂದ್ರೆ ಲೆಕ್ಕಕ್ಕೆ ಬರೋದು 11.5. ಹಾಗಾಗಿ ನಾಲ್ಕು ವಾರಕ್ಕೆ 13 ಶಿಫ್ಟ್, ಹಗಲು ರಾತ್ರಿ ಬೆರೆಸಿ. ಬ್ಯಾಂಡ್ 5ಕ್ಕೆ, ಅಂದ್ರೆ ಹೊಸ ನರ್ಸ್ ಸಂಬಳದ ದರ್ಜೆಗೆ, ರಾತ್ರಿ ಮತ್ತು ಶನಿವಾರ 30%, ಭಾನುವಾರ 60% ಹೆಚ್ಚಿಗೆ ಬರುತ್ತೆ. ಖಾಸಗಿ ನರ್ಸಿಂಗ್ ಹೋಮಿಗೆ (ಇಲ್ಲಿ ಅದು ಆಸ್ಪತ್ರೆ ಅಲ್ಲ, ಹೆಚ್ಚಾಗಿ ವಯಸ್ಸಾದವರು ಇರೋ ಆರೈಕೆ ಮನೆ) ಈ ನಿಯಮ ಇಲ್ಲ. ಅಲ್ಲಿ ರಾತ್ರಿ ಇಡೀ ಮಹಡಿಗೆ ನೀವೊಬ್ಬರೇ ನರ್ಸ್ ಆಗಿರಬಹುದು: ಮಾತ್ರೆ ಟ್ರಾಲಿ ತಳ್ತಾ ಇರೋವಾಗ್ಲೇ ಒಂದು ಕಡೆ ಬೆಲ್ಲು, ಇನ್ನೊಂದು ಕಡೆ ಯಾರೋ ಬಿದ್ದಿರ್ತಾರೆ, ಮಾರ್ಫಿನ್ ಕೊಟ್ಟಿದ್ದಕ್ಕೆ ಸಾಕ್ಷಿಯಾಗಿ ಎರಡನೇ ಸಹಿ ಹಾಕೋಕೆ ಜನ ಹುಡುಕಬೇಕು. ಸಹಿ ಆಮೇಲೆ ಹಾಕಿಸಿಕೊಂಡರಾಯ್ತು ಅಂತ ಮಾತ್ರ ಬಿಡಬೇಡಿ, ರಿಜಿಸ್ಟ್ರೇಷನ್ ಹೋಗೋದು ಇಂಥದ್ದರಲ್ಲೇ.

ಆಫರ್ ಲೆಟರಲ್ಲಿ "ಗ್ಯಾರಂಟಿ ಗಂಟೆ" ಎಷ್ಟು ಅಂತ ಅಂಕಿಯಲ್ಲಿ ಇರಲೇಬೇಕು. "ಅಗತ್ಯಕ್ಕೆ ತಕ್ಕಂತೆ" ಅಂತಿದ್ರೆ ನಿಮ್ಮ ಆದಾಯ ನಮ್ಮ ರೇಷ್ಮೆ ಗೂಡು ಮಾರ್ಕೆಟ್ ರೇಟಿದ್ದಂಗೆ, ಬೆಳಗ್ಗೆ ಹೋಗೋವರೆಗೂ ಗೊತ್ತಾಗಲ್ಲ. ಮಧ್ಯದಲ್ಲಿ ಕೆಲಸ ಬಿಟ್ಟು ಹೋದ್ರೆ ಎಷ್ಟು ದುಡ್ಡು ಕಟ್ಟಬೇಕು, ತಿಂಗಳು ಕಳೆದ ಹಾಗೆ ಅದು ಇಳಿಯುತ್ತಾ ಅಂತಾನೂ ಓದಿ. ಯಾಕಂದ್ರೆ ವೀಸಾ ಅಂಟಿಕೊಂಡಿರೋದು ಮಾಲೀಕನಿಗೆ: ಅವರ ಸ್ಪಾನ್ಸರ್ ಲೈಸೆನ್ಸ್ (ಹೊರದೇಶದವರನ್ನ ಕೆಲಸಕ್ಕೆ ಕರೆಸೋಕೆ ಸರ್ಕಾರ ಕೊಡೋ ಅನುಮತಿ) ರದ್ದಾದ್ರೆ ಇನ್ನೊಂದು ಕೆಲಸ ಹುಡುಕೋಕೆ ಸಾಮಾನ್ಯವಾಗಿ ಸಿಗೋದು 60 ದಿನ. ಇದೊಂದಕ್ಕಾದ್ರೂ ಎರಡು ತಿಂಗಳ ಬಾಡಿಗೆ ಕೈಯಲ್ಲಿ ಇಟ್ಟುಕೊಳ್ಳಿ. ಊರಿನ ಸಾಲ ತೀರಿಸೋದು ಅದಾದ ಮೇಲೆ.

ಸೇರೋ ದಿನ ಕಾಗದದ ಕಟ್ಟಿನ ಮಧ್ಯೆ 48 ಗಂಟೆ ಆಪ್ಟ್-ಔಟ್ ಅಂತ ಒಂದು ಫಾರಂ ಬರಬಹುದು, ವಾರಕ್ಕೆ ಅದಕ್ಕಿಂತ ಜಾಸ್ತಿ ದುಡಿಸೋಕೆ ಒಪ್ಪಿಗೆ. ಅದಕ್ಕೆ ಸಹಿ ಕಡ್ಡಾಯ ಅಲ್ಲ. ಹಾಕಿಬಿಟ್ಟಿದ್ರೂ ಬರವಣಿಗೆಯಲ್ಲಿ ನೋಟಿಸ್ ಕೊಟ್ಟು ವಾಪಸ್ ತಗೊಳ್ಳಬಹುದು: ಕನಿಷ್ಠ ಏಳು ದಿನ, ಫಾರಂನಲ್ಲಿ ಹೆಚ್ಚು ಬರೆದಿದ್ರೆ ಮೂರು ತಿಂಗಳವರೆಗೆ.