ಜಂಬೋ ಬ್ಯಾಗ್ ರೇಟಿನ ವ್ಯತ್ಯಾಸ
ಒಂದು ಟನ್ ಮೆಕ್ಕೆಜೋಳದ ಸ್ಟಾರ್ಚ್ ತುಂಬುವ ಜಂಬೋ ಬ್ಯಾಗಿಗೆ ಇಬ್ಬರು ಸಪ್ಲೈಯರ್ ಕೊಟ್ಟ ರೇಟಿನಲ್ಲಿ ಅಷ್ಟೊಂದು ವ್ಯತ್ಯಾಸ ಯಾಕೆ ಅಂತ ಕೇಳಿದ್ದೀರಿ. ಮೊದಲು ಎರಡೂ ಸ್ಯಾಂಪಲ್ ತೂಕ ಮಾಡಿ ನೋಡಿ ಸರ್. ಖರ್ಚಿನಲ್ಲಿ ದೊಡ್ಡ ಪಾಲು ಬಟ್ಟೆಯ ಪ್ಲಾಸ್ಟಿಕ್ ಆದ ಪಾಲಿಪ್ರೊಪಿಲೀನ್‌ನದ್ದೇ. ಬಟ್ಟೆಯ ಜಿಎಸ್‌ಎಂ (ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ತೂಕ ಅನ್ನೋದು) ಇಳಿಸಿದರೆ ರೇಟೂ ಇಳಿಯುತ್ತದೆ. ಆಮೇಲೆ ಫೋರ್ಕ್‌ಲಿಫ್ಟ್ ಎತ್ತುವಾಗ ಬೆಲ್ಟಿನ ಹೊಲಿಗೆ ಹತ್ತಿರ ಹರಿದರೆ ಗೋಳು ನಿಮ್ಮದೇ. ಲೇಬಲ್ ಕೂಡ ಓದಿ. 5:1 ಅಂದರೆ ಬರೆದ ಭಾರದ ಐದು ಪಟ್ಟು ತಡೆಯುವ ಬ್ಯಾಗ್, ಒಂದೇ ಸಲದ ಬಳಕೆಗೆ. 6:1 ಇದ್ದರೆ ಮತ್ತೆ ಬಳಸಬಹುದು, ದುಡ್ಡೂ ಜಾಸ್ತಿ. ಒಳಗಿನ ಲೈನರ್ (ಒಳಚೀಲ), ಕೆಳಗಿನ ಸ್ಪೌಟ್ (ಮಾಲು ಸುರಿಯುವ ಬಾಯಿ) ರೇಟಿನಲ್ಲಿ ಸೇರಿದೆಯಾ ಕೇಳಿ. ಗಾಳಿಯಲ್ಲಿ ಹಾರುವ ಸ್ಟಾರ್ಚ್ ಧೂಳು ಕಿಡಿ ತಾಗಿದರೆ ಸಿಡಿಯಬಹುದು, ಹಾಗಾಗಿ ಆಂಟಿಸ್ಟ್ಯಾಟಿಕ್ (ಸ್ಥಿರ ವಿದ್ಯುತ್ತಿನ ಕಿಡಿ ತಡೆಯುವ) ಬಟ್ಟೆ ಬೇಕಾದ ಕಡೆ ಚೌಕಾಸಿ ಬೇಡ. ಉಳಿಸಬೇಕಾದರೆ ಪ್ರಿಂಟಿನಲ್ಲಿ ಉಳಿಸಿ. ಒಂದು ಬಣ್ಣ ಸಾಕು, ಅಲ್ವಾ?